ಮೂರು ವರ್ಷದ ಬುದ್ಧಿ

ಶುಕ್ರವಾರ ರಾತ್ರಿ ಒಂಬತ್ತರ ಸುಮಾರಿಗೆ ಪುಣೆಯ ಸ್ವಾರಗೇಟಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ನಮ್ಮವರ ಮುಖಗಳು ಬೇಕಾದಷ್ಟು ಕಾಣಸಿಗುತ್ತವೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರಗಳ ಕಡೆಗೆ ಹೊರಡುವ ಬಸ್ಸುಗಳನ್ನು ಹತ್ತುವವರಲ್ಲಿ ಹೊಟೇಲಿನ ಕೆಲಸದವರಿದ್ದಾರೆ, ಚಾಕಣದ ಕಾರಖಾನೆಗಳ ಕುಶಲಕರ್ಮಿಗಳಿದ್ದಾರೆ, ಹಿಂಜವಡಿಯ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವ ತರುಣ ದಂಪತಿಗಳಿದ್ದಾರೆ. ಇವರಲ್ಲಿ ಕೆಲವರ ಚೀಲದ ಬಾಯಿಂದ ಒಂದು ಬಟ್ಟೆಯ ಗೊಂಬೆಯ ಕಿವಿಯೋ ಆಟದ ಮೋಟಾರಿನ ಗಾಲಿಯೋ ಹೊರಗೆ ಇಣುಕುತ್ತಿರುತ್ತದೆ. ಅವರು ಎಲ್ಲಿಗೆ ಹೊರಟಿದ್ದಾರೆಂದು ಕೇಳಬೇಕಾಗಿಲ್ಲ. ಅಜ್ಜಿಯ ಮನೆಯಲ್ಲಿ ಬಿಟ್ಟಿರುವ ತಮ್ಮ ಮಗುವನ್ನು ನೋಡಲು ಹೊರಟವರು ಅವರು.

ಹೀಗೆ ಹೊರಟ ಒಂದು ದಂಪತಿಯ ಸಂಗತಿಯಿಂದ ಈ ಲೇಖನ ಹುಟ್ಟಿತು. ಅವರು ನಮಗೆ ಬಲು ಬೇಕಾದವರು. ಹೆಸರು ಬೇಡ. ಗಂಡಹೆಂಡಿರಿಬ್ಬರೂ ದುಡಿಯುವವರು. ಮಗಳಿಗೆ ಹತ್ತು ತಿಂಗಳು ತುಂಬಿದಾಗ ನೋಡಿಕೊಳ್ಳಲು ನೆಚ್ಚಿಗೆಯ ಜನ ಸಿಗದೆ, ಗದಗಿನ ಆಚೆಯ ಹಳ್ಳಿಯಲ್ಲಿರುವ ಅಜ್ಜಿಯ ಬಳಿ ಬಿಟ್ಟರು. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದರು. ಬರುವಾಗ ಮಗು ಅತ್ತೀತೆಂದು ಅದು ಮಲಗಿದ ಹೊತ್ತು ನೋಡಿ ಸದ್ದಿಲ್ಲದೆ ಬಸ್ಸು ಹತ್ತುತ್ತಿದ್ದರು. ಮಗುವಿಗೆ ಎರಡೂವರೆ ವರ್ಷವಾದಾಗ ಒಮ್ಮೆ ಹೋದರೆ, ಅದು ಅವರನ್ನು ಕಂಡು ನಗಲೂ ಇಲ್ಲ, ಅಳಲೂ ಇಲ್ಲ. ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ನಿಂತಿತು. ಎರಡನೆಯ ದಿನ ತಾಯಿಯ ಮಡಿಲಿಗೆ ಬಂದಿತು. ಆ ಮೇಲೆ ಬಿಡಲೇ ಇಲ್ಲ; ನಿದ್ದೆಯಲ್ಲಿಯೂ ಅವಳ ಬಳೆಯನ್ನು ಹಿಡಿದುಕೊಂಡೇ ಮಲಗಿತು. ಆ ಬಳೆಯನ್ನು ಬಿಡಿಸಿಕೊಂಡು ಬಸ್ಸಿಗೆ ಬಂದರಂತೆ.

ಆ ರಾತ್ರಿಯ ಬಸ್ಸಿನಲ್ಲಿ ಗಂಡ ಅತ್ತನು. ಎಂಟು ವರ್ಷದ ದಾಂಪತ್ಯದಲ್ಲಿ ಹೆಂಡತಿ ಅವನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಸಾಮಾನ್ಯವಾಗಿ ಆತ ಬಾಯಿ ಬಿಡುವವನಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಎದ್ದು ಹೊರಗೆ ಹೋಗುವನು, ಇಲ್ಲವೆ ಫೋನಿನಲ್ಲಿ ಮುಖ ಹುದುಗಿಸುವನು. ಆಕೆಯಾದರೋ ಅದಕ್ಕೆ ತೀರ ವಿರುದ್ಧ. ಆತ ಅರ್ಧ ಗಂಟೆ ತಡವಾದರೆ ಹತ್ತು ಸಲ ಫೋನು ಮಾಡುವಳು. ಬಂದ ಮೇಲೆ ಸಂತೋಷಪಡುವ ಬದಲು ಜಗಳ ತೆಗೆಯುವಳು. "ಇವಳಿಗೆ ಎಷ್ಟು ಕೊಟ್ಟರೂ ಸಾಲದು" ಎಂದು ಆತನ ದೂರು. "ಇವರು ಕಲ್ಲು" ಎಂದು ಆಕೆಯ ದೂರು. ಬೇರೆ ಬೇರೆ ಇರುವ ಮಾತು ಕೂಡ ಒಂದೆರಡು ಸಲ ಬಂದುಹೋಗಿತ್ತು. ಆ ರಾತ್ರಿ ಆತ ಹೇಳಿದ್ದಿಷ್ಟು: "ನನ್ನನ್ನೂ ಹೀಗೇ ಬಿಟ್ಟಿದ್ದರು. ಆರು ವರ್ಷದ ತನಕ ಅಜ್ಜಿಯ ಹತ್ತಿರ. ಎಚ್ಚರವಾದಾಗ ಹಾಸಿಗೆಯ ಮೇಲೆ ಅಮ್ಮ ಇರುತ್ತಿರಲಿಲ್ಲ. ಆಮೇಲಾಮೇಲೆ ನಾನು ನೋಡುವುದನ್ನೇ ಬಿಟ್ಟೆ."

ಮಗುವನ್ನು ಕರೆತರಬೇಕೋ ಬೇಡವೋ, ಕರೆತರುವುದಾದರೆ ಹೇಗೆ ಎಂದು ಅವರು ನಮ್ಮನ್ನು ಕೇಳಿದರು. ನಾವು ವೈದ್ಯರಲ್ಲ. ಆದರೆ ಕೇಳಿದವರಿಗೆ ಬರಿಯ ಸಮಾಧಾನ ಹೇಳಿ ಕಳಿಸಲು ಮನಸ್ಸು ಬಾರದೆ, ಈ ವಿಷಯದಲ್ಲಿ ಬಲ್ಲವರು ಕಂಡುಕೊಂಡದ್ದೇನೆಂದು ಓದತೊಡಗಿದೆವು. ಓದಿದ್ದರಲ್ಲಿ ನಮ್ಮ ಅನೇಕ ಮನೆಗಳಿಗೆ ಸಲ್ಲುವ ಮಾತುಗಳಿದ್ದುದರಿಂದ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಅಂಟು ಎಂದರೇನು?

"ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ" ಎಂಬುದು ನಮ್ಮ ಹಳೆಯ ಗಾದೆ. ಅದರಲ್ಲಿ ಎಷ್ಟು ನಿಜವಿದೆ ಎಂಬುದನ್ನು ಶಾಸ್ತ್ರೀಯವಾಗಿ ಒರೆಗೆ ಹಚ್ಚಿದವರಲ್ಲಿ ಮೊದಲಿಗರು ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ. 1907ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದ ಇವರನ್ನು, ಅಂದಿನ ದೊಡ್ಡ ಮನೆಗಳ ರೂಢಿಯಂತೆ, ಸಾಕಿದವಳು ದಾದಿ. ತಾಯಿಯ ದರ್ಶನ ದಿನಕ್ಕೆ ಒಂದು ಗಂಟೆ ಮಾತ್ರ. ಇವರಿಗೆ ನಾಲ್ಕು ವರ್ಷವಾಗುತ್ತಿದ್ದಾಗ ಆ ದಾದಿ ಕೆಲಸ ಬಿಟ್ಟು ಹೋದಳು. ತಾಯಿಯನ್ನೇ ಕಳೆದುಕೊಂಡಂತಾಯಿತೆಂದು ಮುಂದೆ ಅವರೇ ಹೇಳಿಕೊಂಡರು. ಎರಡನೆಯ ಮಹಾಯುದ್ಧದ ನಂತರ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅನಾಥ ಮಕ್ಕಳ ವಿಷಯವಾಗಿ ಒಂದು ವರದಿಯನ್ನು ಸಿದ್ಧಪಡಿಸಿ, 1951ರಲ್ಲಿ ಪ್ರಕಟಿಸಿದರು. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ ಇಷ್ಟರಿಂದಲೇ ಎಳೆಯ ಮನಸ್ಸು ಬೆಳೆಯದು. ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತ ಒಬ್ಬರೊಡನೆ ಬೆಚ್ಚನೆಯ, ಎಡೆಬಿಡದ ಸಂಬಂಧ ಬೇಕು ಎಂಬುದು ಅದರ ಸಾರ.

ಆ ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಸೇರಿಸಿದರೆ ತಂದೆತಾಯಿಗಳನ್ನು ಹತ್ತಿರ ಬಿಡುತ್ತಿರಲಿಲ್ಲ. "ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ" ಎಂಬುದು ಅವರ ವಾದ. ಬೌಲ್ಬಿಯವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಎರಡು ವರ್ಷ ಐದು ತಿಂಗಳ ಒಂದು ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಚಲಚ್ಚಿತ್ರವಾಗಿ ತೆಗೆದು 1952ರಲ್ಲಿ ವೈದ್ಯರಿಗೆ ತೋರಿಸಿದರು. ಸುಮ್ಮನಿದ್ದ ಮಗು ಸಮಾಧಾನವಾಗಿದ್ದ ಮಗುವಲ್ಲ ಎಂಬುದನ್ನು ಆ ಚಿತ್ರ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಮಗು ಮೊದಲು ಅಳುತ್ತದೆ, ಪ್ರತಿಭಟಿಸುತ್ತದೆ; ಆಮೇಲೆ ಕುಗ್ಗುತ್ತದೆ; ಕಡೆಗೆ ತನಗೆ ಯಾರೂ ಬೇಕಾಗಿಲ್ಲವೆಂಬಂತೆ ಸರಿದು ನಿಲ್ಲುತ್ತದೆ. ಈ ಮೂರನೆಯ ಅವಸ್ಥೆಯನ್ನೇ ದೊಡ್ಡವರು "ಹೊಂದಿಕೊಂಡಿತು" ಎಂದು ತಿಳಿಯುವುದು. ಮುಂದೆ 1959ರಲ್ಲಿ ಬ್ರಿಟಿಷ್ ಸರಕಾರದ ಸಮಿತಿಯೊಂದು ತಂದೆತಾಯಿಗಳನ್ನು ಮಕ್ಕಳ ಬಳಿಗೆ ಬಿಡಬೇಕೆಂದು ಸಲಹೆ ಮಾಡಿತು.

ಮಗು ತನ್ನವರಿಗೆ ಕಟ್ಟಿಕೊಳ್ಳುವ ಈ ಬಂಧಕ್ಕೆ ಬೌಲ್ಬಿ 'ಅಟ್ಯಾಚ್‌ಮೆಂಟ್' ಎಂದು ಹೆಸರಿಟ್ಟರು. ನಾವು 'ಅಂಟು' ಎನ್ನೋಣ. ಅದನ್ನು ಮನೆಮನೆಗೆ ಹೋಗಿ ಕಣ್ಣಾರೆ ನೋಡಿದವರು ಮೇರಿ ಐನ್ಸ್‌ವರ್ತ್ ಎಂಬ ವಿದುಷಿ. ಅವರು 1954ರಲ್ಲಿ ಆಫ್ರಿಕದ ಉಗಾಂಡಕ್ಕೆ ಹೋದವರು, ಕಂಪಾಲದ ಸುತ್ತಿನ ಹಳ್ಳಿಗಳಲ್ಲಿ 26 ತಾಯಂದಿರ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ ಕುಳಿತು ನೋಡಿದರು. ಆ ಮೇಲೆ ಅಮೇರಿಕದ ಬಾಲ್ಟಿಮೋರಿನಲ್ಲಿ ಒಂದು ವರ್ಷದ ಮಕ್ಕಳಿಗಾಗಿ ಇಪ್ಪತ್ತು ನಿಮಿಷದ ಒಂದು ಪರೀಕ್ಷೆಯನ್ನು ಏರ್ಪಡಿಸಿದರು. ಆಟದ ಸಾಮಾನಿರುವ ಹೊಸ ಕೋಣೆ. ತಾಯಿ ಮತ್ತು ಮಗು. ನಡುವೆ ಒಬ್ಬ ಅಪರಿಚಿತೆ ಬರುವಳು. ತಾಯಿ ಎರಡು ಸಲ ಹೊರಗೆ ಹೋಗಿ ಕೆಲವು ನಿಮಿಷಕ್ಕೆ ಮರಳುವಳು. ತಾಯಿ ಹೋದಾಗ ಮಗು ಏನು ಮಾಡಿತೆಂಬುದಕ್ಕಿಂತ ಅವಳು ಮರಳಿ ಬಂದಾಗ ಏನು ಮಾಡಿತೆಂಬುದು ಹೆಚ್ಚು ಮುಖ್ಯವೆಂದು ಅವರಿಗೆ ತೋರಿತು.

ಬಹುಪಾಲು ಮಕ್ಕಳು ಅಳುತ್ತಲಾದರೂ ತಾಯಿಯ ಬಳಿಗೆ ಓಡಿ, ಅಪ್ಪಿಕೊಂಡು, ಸಮಾಧಾನಗೊಂಡು, ಮತ್ತೆ ಆಟಕ್ಕೆ ಮರಳಿದವು. ಇದು ನೆಚ್ಚಿಕೆಯ ಅಂಟು. ಕೆಲವು ಮಕ್ಕಳು ತಾಯಿಯನ್ನು ಹಿಡಿದುಕೊಂಡವು, ಅದೇ ಕೈಯಿಂದ ಅವಳನ್ನು ನೂಕಿದವು. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಇದು ಆತಂಕದ ಅಂಟು. ಇನ್ನು ಕೆಲವು ಮಕ್ಕಳು ತಾಯಿ ಬಂದುದನ್ನು ಕಂಡೂ ಕಾಣದಂತೆ ಗೊಂಬೆಯ ಕಡೆಗೆ ತಿರುಗಿದವು. ಇದು ಸರಿದು ನಿಲ್ಲುವ ಅಂಟು. ನೋಡುವವರು "ಎಂಥ ಜಾಣ ಮಗು, ಹಟವೇ ಇಲ್ಲ!" ಎನ್ನುವುದು ಈ ಮೂರನೆಯದನ್ನು ಕಂಡೇ. ಆದರೆ ಇಂಥ ಮಕ್ಕಳ ಎದೆಬಡಿತವನ್ನು 1970ರ ದಶಕದಲ್ಲಿ ಅಳೆದು ನೋಡಿದಾಗ, ಮುಖ ತಣ್ಣಗಿದ್ದರೂ ಎದೆ ವೇಗವಾಗಿ ಬಡಿಯುತ್ತಿದ್ದುದು ಗೊತ್ತಾಯಿತು. ಹೆದರಿಸುವವರೂ ಆಸರೆ ಕೊಡಬೇಕಾದವರೂ ಒಬ್ಬರೇ ಆದಾಗ ಮಗು ಯಾವ ದಾರಿಯೂ ಕಾಣದೆ ಗಲಿಬಿಲಿಗೊಳ್ಳುವ ನಾಲ್ಕನೆಯ ಬಗೆಯೊಂದನ್ನು ಮುಂದೆ ಬಂದವರು ಗುರುತಿಸಿದರು.

ಐನ್ಸ್‌ವರ್ತರು ಕಂಡುಕೊಂಡ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಅತ್ತಾಗ ಎತ್ತಿಕೊಂಡರೆ ಮಗು ಕೆಡುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬಾಲ್ಟಿಮೋರಿನ ಮನೆಗಳಲ್ಲಿ ಕಂಡದ್ದು ತಲೆಕೆಳಗು: ಮೊದಲ ಕೆಲವು ತಿಂಗಳು ಯಾವ ತಾಯಂದಿರು ಅಳುವಿಗೆ ಬೇಗ ಓಗೊಟ್ಟರೋ ಅವರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು. ಕರೆದರೆ ಬರುತ್ತಾರೆಂದು ತಿಳಿದ ಮೇಲೆ ಕೂಗುವ ಅಗತ್ಯವೇನು?

ದೊಡ್ಡವರಾದ ಮೇಲೆ

ಮಗು ಮಾತು ಕಲಿಯುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕಲಿತಿರುತ್ತದೆ: "ನಾನು ಕರೆದರೆ ಯಾರಾದರೂ ಬರುತ್ತಾರೆಯೆ?" ಬರುತ್ತಾರೆ ಎಂದು ಕಲಿತವರಿದ್ದಾರೆ, ಗಟ್ಟಿಯಾಗಿ ಕೂಗಿದರೆ ಮಾತ್ರ ಬಂದಾರು ಎಂದು ಕಲಿತವರಿದ್ದಾರೆ, ಯಾರೂ ಬರುವುದಿಲ್ಲ, ಕರೆಯದಿರುವುದೇ ಲೇಸು ಎಂದು ಕಲಿತವರೂ ಇದ್ದಾರೆ. ದೊಡ್ಡವರಾಗಿ ಮದುವೆಯಾದ ಮೇಲೆ ಈ ಪ್ರಶ್ನೆಯನ್ನೇ ಮತ್ತೊಬ್ಬರ ಮುಂದಿಡುತ್ತೇವೆ.

1980ರ ದಶಕದಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಎಂಬ ಅಮೇರಿಕದ ವಿದ್ವಾಂಸರು ಒಂದು ಸ್ವಾರಸ್ಯವಾದ ಕೆಲಸ ಮಾಡಿದರು. ಡೆನ್ವರ್ ನಗರದ 'ರಾಕಿ ಮೌಂಟನ್ ನ್ಯೂಸ್' ಎಂಬ ದಿನಪತ್ರಿಕೆಯಲ್ಲಿ (ಅದು 2009ರಲ್ಲಿ ನಿಂತುಹೋಯಿತು) ಪ್ರೇಮದ ವಿಷಯವಾಗಿ ಒಂದು ಪ್ರಶ್ನಾವಳಿಯನ್ನು ಅಚ್ಚು ಹಾಕಿಸಿ, ಓದುಗರಿಂದ ಉತ್ತರ ತರಿಸಿದರು. ಮೊದಲು ಬಂದ 620 ಉತ್ತರಗಳನ್ನು ಪರಿಶೀಲಿಸಿ 1987ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ 56 ಮಂದಿ ತಾವು ಇನ್ನೊಬ್ಬರನ್ನು ನೆಚ್ಚಿ ಹತ್ತಿರವಾಗಬಲ್ಲೆವೆಂದರು. 25 ಮಂದಿ ಯಾರಾದರೂ ತೀರ ಹತ್ತಿರ ಬಂದರೆ ತಮಗೆ ಇರುಸುಮುರುಸಾಗುವುದೆಂದರು. ಉಳಿದ 19 ಮಂದಿ, ತಾವು ಬಯಸುವಷ್ಟು ಹತ್ತಿರ ಯಾರೂ ಬರುವುದಿಲ್ಲ, ಎಲ್ಲಿ ಬಿಟ್ಟುಹೋಗುವರೋ ಎಂಬ ಭಯ ತಪ್ಪಿದ್ದಿಲ್ಲ ಎಂದರು. ಉತ್ತರ ಕಳಿಸಿದವರು ತಾವಾಗಿಯೇ ಮುಂದೆ ಬಂದವರಾದ್ದರಿಂದ ಈ ಅಂಕಿಗಳನ್ನು ಊರಿನ ಲೆಕ್ಕವೆಂದು ಹಿಡಿಯಬಾರದು. ಆದರೂ ಎಳೆಯ ಮಕ್ಕಳಲ್ಲಿ ಐನ್ಸ್‌ವರ್ತ್ ಕಂಡ ಮೂರು ಬಗೆಗಳೇ ದೊಡ್ಡವರಲ್ಲಿಯೂ ಕಂಡದ್ದು ವಿದ್ವಾಂಸರನ್ನು ಆ ದಾರಿಯಲ್ಲಿ ನಡೆಸಿತು.

ಆತಂಕದ ಅಂಟಿನವರೂ ಸರಿದು ನಿಲ್ಲುವ ಅಂಟಿನವರೂ ಒಂದೇ ಮನೆಯಲ್ಲಿ ಸಂಸಾರ ಹೂಡಿದರೆ ಏನಾಗುತ್ತದೆಂಬುದನ್ನು ನಮ್ಮ ಸ್ನೇಹಿತರ ಮನೆಯಲ್ಲಿ ಕಂಡೆವು. ಆಕೆಯ ತಂದೆಗೆ ಕುಡಿತವಿತ್ತು. ಒಂದು ದಿನ ಮಗಳನ್ನು ಹೆಗಲ ಮೇಲೆ ಹೊತ್ತು ಪೇಟೆ ಸುತ್ತಿಸುವನು. ಮರುದಿನ ಮಾತನಾಡಿಸಿದರೆ ಗದರುವನು. ಇಂದು ಯಾವ ಅಪ್ಪ ಮನೆಗೆ ಬರುತ್ತಾನೆಂದು ಆಕೆ ಹೊಸಿಲಲ್ಲಿ ನಿಂತು ಅವನ ಹೆಜ್ಜೆಯ ಸದ್ದಿನಿಂದ ಅಳೆಯುತ್ತಿದ್ದಳಂತೆ. ಆ ಹುಡುಗಿಯೇ ಇಂದು ಗಂಡನ ಫೋನಿಗೆ ಹತ್ತು ಸಲ ಕರೆ ಮಾಡುವವಳು. ಹಾಸಿಗೆಯಲ್ಲಿ ಅಮ್ಮನನ್ನು ಹುಡುಕುವುದನ್ನು ಬಿಟ್ಟ ಹುಡುಗನೇ ಇಂದು ಆ ಕರೆಯನ್ನು ಎತ್ತದವನು. ಆಕೆ ಹಿಂದೆ ಬಿದ್ದಷ್ಟೂ ಆತ ದೂರ ಸರಿಯುತ್ತಾನೆ. ಆತ ಸರಿದಷ್ಟೂ ಆಕೆ ಹಿಂದೆ ಬೀಳುತ್ತಾಳೆ. ಇಬ್ಬರೂ ತಮ್ಮ ತಮ್ಮ ಬಾಲ್ಯದಲ್ಲಿ ಉಪಯೋಗಕ್ಕೆ ಬಂದ ಉಪಾಯವನ್ನೇ ಬಳಸುತ್ತಿದ್ದಾರೆ. ಅಂದು ಅದು ಅವರನ್ನು ಕಾಪಾಡಿತ್ತು. ಇಂದು ಅದೇ ಅವರ ಮನೆಯನ್ನು ಒಡೆಯುತ್ತಿದೆ. ಇದರಲ್ಲಿ ಕಲ್ಲು ಯಾರು, ಸಾಲದವರು ಯಾರು?

ಊರು ಬಿಟ್ಟವರ ಮಕ್ಕಳು

ಹಾಗಾದರೆ ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳೆಲ್ಲರಿಗೂ ನೆಲೆ ತಪ್ಪಿತೆ? ಇಲ್ಲವೆನ್ನಲು ಪುಣೆಯ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ.

ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ವಿರೋಧಕ್ಕೆ ಗುರಿಯಾದವರು. ರಮಾಬಾಯಿಗೆ ಆರು ತಿಂಗಳಾದಾಗ ಕುಟುಂಬ ಕಾಡಿನ ಮನೆಯನ್ನು ಬಿಟ್ಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಹೊತ್ತು ಬೆಟ್ಟ ಇಳಿದರು. ಅಲ್ಲಿಂದ ಮುಂದೆ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದದ್ದೇ ಅವರ ಬಾಳು. ಆ ಮಗುವಿಗೆ ತನ್ನದೆನ್ನುವ ಮನೆ ಇರಲಿಲ್ಲ, ಓಣಿ ಇರಲಿಲ್ಲ, ಶಾಲೆ ಇರಲಿಲ್ಲ. ಇದ್ದದ್ದು ತಾಯಿ ಲಕ್ಷ್ಮೀಬಾಯಿ. ಹಗಲೆಲ್ಲ ಬಿಡುವಿಲ್ಲದ ಆ ತಾಯಿ ಬೆಳಗಿನ ಜಾವದಲ್ಲಿ, ಹಕ್ಕಿಗಳು ಕೂಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಮುದ್ದುಮಾತಿನಿಂದ ಎಬ್ಬಿಸಿ ಎತ್ತಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಊರು ದಿನಕ್ಕೊಂದು ಬದಲಾದರೂ ಬೆಳಗಿನ ಆ ಧ್ವನಿ ಬದಲಾಗಲಿಲ್ಲ.

1874ರಲ್ಲಿ ಬರ ಬಂದಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನೊಡನೆ ದೇಶ ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದು, ಅಲ್ಲಿಯ ವಿದ್ವಾಂಸರಿಂದ 'ಪಂಡಿತಾ' ಎನ್ನಿಸಿಕೊಂಡರು. 1880ರಲ್ಲಿ ಅಣ್ಣನೂ, 1882ರಲ್ಲಿ ಗಂಡನೂ ಹೋದರು. ಕೈಗೂಸಿನೊಡನೆ ಪುಣೆಗೆ ಬಂದು ಆ ವರ್ಷವೇ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. 1896-97ರ ಬರದಲ್ಲಿ, ತಾನು ಬಾಲ್ಯದಲ್ಲಿ ಕಂಡ ಹಸಿವನ್ನೇ ಮತ್ತೆ ಕಂಡು, ಮಧ್ಯಪ್ರಾಂತ್ಯದಿಂದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು. ಸೊಲ್ಲಾಪುರ, ಕಲಬುರಗಿಗಳಿಗೆ ರೈಲಿನಲ್ಲಿ ಹೋಗುವ ನಾವು ದಾಟುವ ಕೇಡಗಾಂವ್ ನಿಲ್ದಾಣದ ಸಮೀಪದಲ್ಲಿಯೇ ಅವರ ಮುಕ್ತಿ ಸದನವಿದೆ. 1887ರ ತಮ್ಮ ಇಂಗ್ಲಿಷ್ ಪುಸ್ತಕವನ್ನು ಅವರು ತಾಯಿಗೆ ಅರ್ಪಿಸಿ, ತಮ್ಮ ಬಾಳಿಗೆ ಆಕೆಯೇ ಬೆಳಕೆಂದರು. ಇಷ್ಟು ಸಾವುಗಳ ನಡುವೆಯೂ ಅವರನ್ನು ನಿಲ್ಲಿಸಿದ್ದರಲ್ಲಿ ಆ ಬೆಳಗಿನ ಜಾವದ ಮಡಿಲಿಗೂ ಪಾಲಿತ್ತೆಂದು ನಮಗೆ ತೋರುತ್ತದೆ. ಮಗುವಿಗೆ ಊರು ಬೇಕು ನಿಜ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಒಬ್ಬರು.

ಇದಕ್ಕೆ ತೀರ ವಿರುದ್ಧವಾದ ಕಥೆ ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗನದು. 1871ರಲ್ಲಿ, ಆರು ವರ್ಷ ತುಂಬುವ ಮೊದಲೇ, ಅವನನ್ನೂ ಮೂರು ವರ್ಷದ ತಂಗಿಯನ್ನೂ ತಂದೆತಾಯಿಗಳು ಇಂಗ್ಲೆಂಡಿನ ಸೌತ್‌ಸೀ ಎಂಬಲ್ಲಿ ಹಣ ತೆತ್ತು ಪರರ ಮನೆಯಲ್ಲಿ ಬಿಟ್ಟು ಮರಳಿದರು. ಏಕೆ, ಎಷ್ಟು ಕಾಲ ಎಂಬುದನ್ನು ಮಕ್ಕಳಿಗೆ ತಿಳಿಸಲಿಲ್ಲ. ಹಿಂದುಸ್ಥಾನದ ಹವೆ, ರೋಗಗಳಿಗೆ ಹೆದರಿ ಅಂದಿನ ಆಂಗ್ಲರು ಹೀಗೆ ಮಾಡುವುದು ವಾಡಿಕೆಯಾಗಿತ್ತು, ಕ್ರೌರ್ಯದಿಂದ ಮಾಡಿದ್ದಲ್ಲ. ಆ ಮನೆಯೊಡತಿ ಹುಡುಗನನ್ನು ಹೊಡೆದು ಬಡಿದು ಬೆಳೆಸಿದಳು. 1877ರಲ್ಲಿ ತಾಯಿ ಬಂದು ರಾತ್ರಿ ಮುತ್ತಿಡಲು ಬಾಗಿದಾಗ, ಏಟು ಬೀಳುವುದೆಂದು ಹುಡುಗ ತೋಳೆತ್ತಿ ಮುಖ ಮುಚ್ಚಿಕೊಂಡನು. ಈ ಸಂಗತಿಯನ್ನು ಆತ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುತ್ತಿಗಾಗಿ ಬಾಗಿದವರ ಎದುರು ತೋಳೆತ್ತಿ ತಡೆಯುವ ಆ ಕೈಯನ್ನು, ದೊಡ್ಡವರ ಸಂಸಾರಗಳಲ್ಲಿ ನಾವು ಎಷ್ಟೋ ಸಲ ಕಂಡಿದ್ದೇವೆ.

ಅಜ್ಜಿಯ ಸೆರಗು

ಇಷ್ಟು ಓದಿ, ಮಗುವನ್ನು ಅಜ್ಜಿಯ ಬಳಿ ಬಿಟ್ಟ ತಾಯಂದಿರು ಎದೆಗೆಡಬಾರದು. ತಾಯಿಯೊಬ್ಬಳೇ ಸಾಕಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಮಗು ಒಬ್ಬರಿಗಲ್ಲ, ಮೂರು ನಾಲ್ಕು ಜನಕ್ಕೆ ಅಂಟಿಕೊಳ್ಳಬಲ್ಲದು. ನಮ್ಮ ಕೂಡುಕುಟುಂಬಗಳು ಇದನ್ನು ಬಹುಕಾಲದಿಂದ ಬಲ್ಲವು. ಎಂಟು ದೇಶಗಳಲ್ಲಿ ನಡೆದ 32 ಅಧ್ಯಯನಗಳನ್ನು 1988ರಲ್ಲಿ ಇಬ್ಬರು ಡಚ್ ವಿದ್ವಾಂಸರು ಒಟ್ಟಿಗೆ ಇಟ್ಟು ನೋಡಿದಾಗ, ದೇಶದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದ ಒಳಗಿನ ವ್ಯತ್ಯಾಸವೇ ಹೆಚ್ಚಾಗಿತ್ತು. ಅಂದಮೇಲೆ ಹೀಗೆಯೇ ಬೆಳೆಸಬೇಕೆಂಬ ಒಂದೇ ಪದ್ಧತಿಯಿಲ್ಲ. ಅಜ್ಜಿಯೂ ನೆಚ್ಚಿಕೆಯ ನೆಲೆಯಾಗಬಲ್ಲಳು.

ಪೆಟ್ಟು ಬೀಳುವುದು ಬೇರೆ ಕಡೆ. ಹತ್ತು ತಿಂಗಳಲ್ಲಿ ತಾಯಿಯಿಂದ ಒಮ್ಮೆ, ಮೂರು ವರ್ಷದಲ್ಲಿ ಅಜ್ಜಿಯಿಂದ ಇನ್ನೊಮ್ಮೆ, ಹೀಗೆ ಮಗುವನ್ನು ಎರಡು ಸಲ ಕೀಳುತ್ತೇವೆ. ಎರಡನೆಯದನ್ನು ಕೀಳುವುದೆಂದು ನಾವು ತಿಳಿಯುವುದೇ ಇಲ್ಲ. "ಮಗು ನಮ್ಮ ಹತ್ತಿರ ಬಂತು" ಎಂದು ಸಿಹಿ ಹಂಚುತ್ತೇವೆ. ಮಗುವಿನ ಪಾಲಿಗೆ ಅಂದು ತಾಯಿ ಹೋದ ದಿನ. ಪುಣೆಗೆ ಬಂದ ಮೇಲೆ ಅದು ಅತ್ತರೆ "ಅಜ್ಜಿ ಮುದ್ದು ಮಾಡಿ ಕೆಡಿಸಿದ್ದಾಳೆ" ಎಂದು ಅತ್ತೆಸೊಸೆಯರ ನಡುವೆ ಕಿಡಿ ಹೊತ್ತಿಕೊಳ್ಳುವುದೂ ಉಂಟು.

ಹೀಗಾಗಿ ನಾವು ಸ್ನೇಹಿತರಿಗೆ ನಾಲ್ಕು ಮಾತು ಹೇಳಿದೆವು. ಮೊದಲನೆಯದು, ಮಗು ಮಲಗಿದಾಗ ಎಂದಿಗೂ ಹೊರಡಬೇಡಿ. ಹೇಳಿ ಹೊರಡಿರಿ, ಅತ್ತರೆ ಅಳಲಿ. ಹೇಳಿ ಹೋದವರು ಬರುತ್ತಾರೆಂದು ಮಗು ಕಲಿಯುತ್ತದೆ. ಹೇಳದೆ ಹೋಗುವವರಿದ್ದರೆ ಕಣ್ಣು ಮುಚ್ಚಲು ಹೆದರುತ್ತದೆ. ಎರಡನೆಯದು, ಬರುತ್ತೇವೆಂದ ದಿನ ಬಂದೇ ತೀರಿರಿ. ಆಗದಿದ್ದರೆ ಫೋನಿನಲ್ಲಿ ಮುಖ ತೋರಿಸಿ ಮಗುವಿಗೇ ಹೇಳಿರಿ. ಮೂರನೆಯದು, ಕರೆತರುವಾಗ ಅಜ್ಜಿಯನ್ನೂ ಕರೆತನ್ನಿರಿ. ಕೆಲವು ತಿಂಗಳು ಎರಡು ನೆಲೆಗಳೂ ಒಂದೇ ಮನೆಯಲ್ಲಿರಲಿ. ಹೊಸ ಕೊಂಬೆಯನ್ನು ಹಿಡಿದ ಮೇಲೆ ಹಳೆಯದನ್ನು ಮಗು ತಾನೇ ಸಡಿಲಿಸುತ್ತದೆ. ನಾಲ್ಕನೆಯದು, ಅಜ್ಜಿ ಊರಿಗೆ ಮರಳಿದ ಮೇಲೆ ಅವಳ ಮಾತು ತೆಗೆಯಲು ಹಿಂಜರಿಯಬೇಡಿ. ನೆನೆದು ಅಳುವ ಮಗು ಆರೋಗ್ಯದ ಮಗು.

ದುಡಿಯುವ ಹೆಣ್ಣುಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗಳಲ್ಲಿ ಶಿಶುಮಂದಿರವಿರಬೇಕೆಂದೂ ವಿಧಿಸಿತು. ಕೇಳಿ ಪಡೆಯಬೇಕಾದ ಹಕ್ಕು ಇದು. ಆದರೆ ಮನೆಗೆಲಸದವರಿಗೆ, ಸಣ್ಣ ಹೊಟೇಲುಗಳಲ್ಲಿ ದುಡಿಯುವವರಿಗೆ ಇದರ ನೆರಳು ಸಿಗುವುದು ಅಪರೂಪ. ಅಂಥವರ ಮಗುವನ್ನು ನೆರೆಮನೆಯವರು ದಿನಕ್ಕೆರಡು ತಾಸು ನೋಡಿಕೊಂಡರೆ ಒಂದು ಬಸ್ ಪ್ರಯಾಣ ತಪ್ಪೀತು. ಒಂದೇ ವಠಾರದಲ್ಲಿ ನಾಲ್ಕು ಕನ್ನಡ ಮನೆಗಳಿದ್ದೂ ಮಗು ಊರಿಗೆ ಹೋಗುವುದಾದರೆ, ನಾವು ಕೂಡಿ ಬಾಳುವುದಕ್ಕೆ ಏನರ್ಥ?

ಗಾದೆ ಅರ್ಧ ನಿಜ

ಇನ್ನು ದೊಡ್ಡವರ ಮಾತು. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂಬುದು ಪೂರ್ತಿ ನಿಜವಾಗಿದ್ದರೆ ನಾವು ಈ ಲೇಖನವನ್ನು ಬರೆಯುತ್ತಲೇ ಇರಲಿಲ್ಲ. 1970ರ ದಶಕದ ನಡುವಿನಿಂದ ಅಮೇರಿಕದ ಮಿನೆಸೋಟದಲ್ಲಿ ಬಡತಾಯಂದಿರ ಮಕ್ಕಳನ್ನು ಹುಟ್ಟಿನಿಂದ ನಡುವಯಸ್ಸಿನವರೆಗೆ ವಿದ್ವಾಂಸರು ಹಿಂಬಾಲಿಸಿದ್ದಾರೆ. ಶೈಶವದ ಅಂಟಿಗೂ ದೊಡ್ಡವರ ಸಂಬಂಧಗಳಿಗೂ ನಂಟು ಕಂಡಿತು. ಆದರೆ ಅದು ಹಣೆಬರಹದಂಥ ನಂಟಲ್ಲ. ಎಳವೆಯಲ್ಲಿ ನೆಚ್ಚಿಕೆ ಸಿಗದವರಿಗೆ ನಡುವೆ ಒಬ್ಬ ಶಿಕ್ಷಕರೋ, ಗೆಳೆಯರೋ, ಒಳ್ಳೆಯ ಗಂಡನೋ ಹೆಂಡತಿಯೋ ಸಿಕ್ಕಿದರೆ ದಾರಿ ಬದಲಾಗುತ್ತದೆ. ರುಮೇನಿಯದ ಬುಕಾರೆಸ್ಟಿನಲ್ಲಿ ಅನಾಥಾಲಯಗಳ 136 ಎಳೆಯ ಮಕ್ಕಳ ವಿಷಯವಾಗಿ 2000ದಲ್ಲಿ ಆರಂಭವಾದ ಅಧ್ಯಯನದಲ್ಲಿ, ಅರ್ಧದಷ್ಟು ಮಕ್ಕಳನ್ನು ಮನೆಗಳಲ್ಲಿ ಇಡಿಸಲಾಯಿತು. ಅವರಲ್ಲಿ ಅನೇಕರು ಹೊಸ ತಂದೆತಾಯಿಗಳಿಗೆ ಅಂಟಿಕೊಂಡು ಚೇತರಿಸಿಕೊಂಡರು. ಎಷ್ಟು ಬೇಗ ಮನೆ ಸಿಕ್ಕಿತೋ ಅಷ್ಟು ಒಳಿತಾಯಿತು.

ಮೇರಿ ಮೇನ್ ಎಂಬುವರು 1980ರ ದಶಕದಲ್ಲಿ ದೊಡ್ಡವರನ್ನು ಕೂರಿಸಿಕೊಂಡು ಅವರ ಬಾಲ್ಯವನ್ನು ಕೇಳಿದರು. ತಾಯಿಯನ್ನು ಐದು ಮಾತುಗಳಲ್ಲಿ ಬಣ್ಣಿಸಿರಿ, ಪ್ರತಿಯೊಂದಕ್ಕೂ ನೆನಪಿನ ಒಂದು ಪ್ರಸಂಗ ಹೇಳಿರಿ ಎಂದರು. ಕೆಲವರು ತಾಯಿಯನ್ನು ದೇವತೆಯೆಂದು ಹೊಗಳಿ, ಪ್ರಸಂಗ ಕೇಳಿದರೆ ಒಂದೂ ನೆನಪಿಲ್ಲವೆಂದರು. ಕೆಲವರು ನಲವತ್ತು ವರ್ಷದ ಹಿಂದಿನ ಜಗಳವನ್ನು ನಿನ್ನೆಯದೆಂಬಂತೆ ಆಡಿದರು. ಇನ್ನು ಕೆಲವರು ನೋವಿನ ಬಾಲ್ಯವನ್ನೇ ಪಡೆದಿದ್ದರೂ, ಅದನ್ನು ಮುಚ್ಚದೆ, ಹಿಗ್ಗಿಸದೆ, ಆದದ್ದನ್ನು ಆದಂತೆ ಹೇಳಬಲ್ಲವರಾಗಿದ್ದರು. ಈ ಕೊನೆಯವರ ಮಕ್ಕಳಲ್ಲಿ ನೆಚ್ಚಿಕೆಯ ಅಂಟು ಹೆಚ್ಚಾಗಿ ಕಂಡಿತು. ನಡೆದದ್ದನ್ನು ಬದಲಿಸಲಾಗದು, ಅದನ್ನು ಹೇಳಿಕೊಳ್ಳಬಹುದು, ಕೇಳಲು ಒಬ್ಬರಿದ್ದರೆ.

ನಮ್ಮ ಸ್ನೇಹಿತರ ಮನೆಯಲ್ಲಿ ಬದಲಾವಣೆ ಬಸ್ಸಿನ ಆ ರಾತ್ರಿಯೇ ತೊಡಗಿತ್ತೆಂದು ಈಗ ಅನ್ನಿಸುತ್ತದೆ. ಅವರು ತಮ್ಮೊಳಗೆ ಒಂದು ಕರಾರು ಮಾಡಿಕೊಂಡಿದ್ದಾರೆ. ಜಗಳದ ನಡುವೆ ಎದ್ದು ಹೋಗಬೇಕೆನಿಸಿದರೆ ಆತ ಹೋಗಬಹುದು. ಆದರೆ "ಅರ್ಧ ತಾಸಿಗೆ ಬರುತ್ತೇನೆ" ಎಂದು ಹೇಳಿ ಹೋಗಬೇಕು, ಅರ್ಧ ತಾಸಿಗೆ ಬರಬೇಕು. ಆಕೆ ಆ ಅರ್ಧ ತಾಸು ಫೋನು ಮುಟ್ಟಬಾರದು. ಬಂದ ಮೇಲೆ "ಎಲ್ಲಿ ಹಾಳಾಗಿ ಹೋಗಿದ್ದಿರಿ" ಎನ್ನದೆ "ಹೆದರಿಕೆಯಾಗಿತ್ತು" ಎನ್ನಬೇಕು. ಮಗುವಿಗೆ ನಾವು ಹೇಳಿದ ಮೊದಲನೆಯ ನಿಯಮವೇ ಇದು ಎಂಬುದನ್ನು ವಾಚಕರು ಗಮನಿಸಿರಬಹುದು. ಕರಾರು ಎಷ್ಟೋ ಸಲ ಮುರಿಯುತ್ತದೆ. ಆದರೂ ಬೇರೆ ಇರುವ ಮಾತು ಮತ್ತೆ ಬಂದಿಲ್ಲ.

ಒಂದು ಎಚ್ಚರಿಕೆ. ಈ ಹೆಸರುಗಳನ್ನು ಕಲಿತು ಒಬ್ಬರಿಗೊಬ್ಬರು ಹಣೆಪಟ್ಟಿ ಅಂಟಿಸಲು ಹೋಗಬೇಡಿ. ಎಲ್ಲ ಮೌನವೂ ಬಾಲ್ಯದಿಂದ ಬಂದದ್ದಲ್ಲ. ಎರಡು ಪಾಳಿ ದುಡಿದವನ ಮೌನ ಬರಿಯ ದಣಿವಿರಬಹುದು. ಎಲ್ಲ ಆತಂಕವೂ ರೋಗವಲ್ಲ. ಗಂಡ ನಿಜವಾಗಿ ನಂಬಿಕೆಗೆ ಅರ್ಹನಲ್ಲದಿರಬಹುದು. ಹೊಡೆತ ಬಡಿತವಿರುವ ಮನೆಯಲ್ಲಿ ಮೊದಲು ಬೇಕಾದದ್ದು ರಕ್ಷಣೆ, ಮನೋವಿಜ್ಞಾನವಲ್ಲ. ಮನಸ್ಸಿನ ಭಾರ ತಡೆಯದಾದಾಗ ಬಲ್ಲವರೊಡನೆ ಮಾತನಾಡಲು ಸಂಕೋಚ ಬೇಡ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲಿಯೂ ಅಲ್ಲಿ ಮಾತನಾಡುವರು.

ರಮಾಬಾಯಿಯವರ ಕಥೆಗೂ ಒಂದು ಉತ್ತರಾರ್ಧವಿದೆ. ಅವರು ವಿದ್ಯೆಗಾಗಿ, ಕೆಲಸಕ್ಕಾಗಿ ದೇಶದೇಶ ಅಲೆದಾಗ ಮಗಳು ಮನೋರಮೆ ಎಳವೆಯಲ್ಲಿಯೇ ತಾಯಿಯಿಂದ ಬಹುಕಾಲ ದೂರವಿರಬೇಕಾಯಿತು. 1886ರಲ್ಲಿ ಅಮೇರಿಕಕ್ಕೆ ಬಂದ ತಾಯಿ ಐದು ವರ್ಷದ ಮಗಳನ್ನು ಇಂಗ್ಲೆಂಡಿನ ಸನ್ಯಾಸಿನಿಯರ ಬಳಿಗೆ ಮರಳಿ ಕಳಿಸಿದರು. ಆ ಮಗುವಿನ ಮನಸ್ಸಿನಲ್ಲಿ ಏನಾಯಿತೆಂದು ಊಹಿಸುವ ಅಧಿಕಾರ ನಮಗಿಲ್ಲ. ಆದರೆ ಮುಂದೆ ಆಕೆ ತಾಯಿಯ ಬಳಿಗೆ ಮರಳಿ, ಅವರ ಬಲಗೈಯಾಗಿ ದುಡಿದು, 1912ರ ಸುಮಾರಿಗೆ ನಮ್ಮ ಕಲಬುರಗಿಯಲ್ಲಿ ತಾಯಿಮಕ್ಕಳು ತೆರೆದ ಶಾಲೆಯ ಮುಖ್ಯಸ್ಥೆಯಾದರು. 1921ರಲ್ಲಿ ಮಗಳು ತೀರಿಕೊಂಡರು. 1922ರ ಏಪ್ರಿಲಿನಲ್ಲಿ ತಾಯಿ. ದೂರವಾದ ಕೈಗಳು ಮತ್ತೆ ಕೂಡಿ ಕೆಲಸ ಮಾಡಿದವು ಎಂಬಷ್ಟನ್ನು ಹೇಳಬಹುದು.

ನಮ್ಮ ಸ್ನೇಹಿತರ ಮಗಳು ಈಗ ಪುಣೆಗೆ ಬಂದಿದ್ದಾಳೆ. ಅಜ್ಜಿ ಮೂರು ತಿಂಗಳಿದ್ದು, ಮೊಮ್ಮಗಳಿಗೆ ಹೇಳಿಯೇ ಊರಿಗೆ ಹೊರಟರು. ಸ್ವಾರಗೇಟಿಗೆ ನಾವೂ ಹೋಗಿದ್ದೆವು. ಬಸ್ಸು ಹೊರಟಾಗ ಮಗು ಗಟ್ಟಿಯಾಗಿ ಅತ್ತಿತು. ಸುತ್ತಲಿನ ಜನ ತಿರುಗಿ ನೋಡಿದರು. ಯಾರೋ ಬಿಸ್ಕೀಟು ಕೊಡಲು ಬಂದರು. ತಂದೆ ಬೇಡವೆಂದು ಕೈ ಮಾಡಿ, ಮಗುವನ್ನು ಎತ್ತಿಕೊಂಡು, ಏನೂ ಹೇಳದೆ ಅಳು ಮುಗಿಯುವವರೆಗೆ ಅಲ್ಲಿಯೇ ನಿಂತನು. ಬಹಳ ಹೊತ್ತು ಹಿಡಿಯಿತು. ಅಂದಿನಿಂದ ಮಗು ರಾತ್ರಿ ಒಂದೆರಡು ಸಲ ಎದ್ದು ಅಜ್ಜಿಯನ್ನು ಕೇಳುತ್ತದಂತೆ. ಕೇಳಿದಾಗಲೆಲ್ಲ ಹಾಸಿಗೆಯ ಪಕ್ಕದಲ್ಲಿ ಒಬ್ಬರು ಇರುತ್ತಾರೆ.